ಪ್ಯಾಕಪ್ ಅಂದ ಮೇಲಿನ ಹೊತ್ತು ಯಾರ ಲೆಕ್ಕಕ್ಕೆ?

ಗೆ,
ಮಾನ್ಯ ಕಾರ್ಮಿಕ ಸಚಿವರು ಮತ್ತು ಕಾರ್ಮಿಕ ಆಯುಕ್ತರು,
ಕರ್ನಾಟಕ ಸರ್ಕಾರ, ಬೆಂಗಳೂರು

ಪ್ರತಿ: ಕನ್ನಡ ಮನರಂಜನಾ ವಾಹಿನಿಗಳ ಮುಖ್ಯಸ್ಥರಿಗೆ, ನಿರ್ಮಾಪಕರಿಗೆ, ದಿನಾ ಸಂಜೆ ಧಾರಾವಾಹಿ ನೋಡುವ ಎಲ್ಲ ಮನೆಯವರಿಗೆ

ವಿಷಯ: ಚಿತ್ರೀಕರಣದ ಕೆಲಸದ ಹೊತ್ತನ್ನು ವ್ಯಾನ್ ಹತ್ತಿದ ಗಳಿಗೆಯಿಂದ ವ್ಯಾನ್ ಇಳಿಯುವ ಗಳಿಗೆಯವರೆಗೆ ಎಣಿಸುವ ಬಗ್ಗೆ

ಮಾನ್ಯರೇ,

ಕನ್ನಡದ ಸಿನಿಮಾ, ಧಾರಾವಾಹಿ, ವೆಬ್ ಸೀರೀಸ್‌ಗಳಲ್ಲಿ ಲೈಟು, ಕ್ಯಾಮೆರಾ, ಕಲೆ, ಮೇಕಪ್, ವಸ್ತ್ರ, ಪ್ರೊಡಕ್ಷನ್, ನಿರ್ದೇಶನ, ಸಂಕಲನ ವಿಭಾಗಗಳಲ್ಲಿ ದುಡಿಯುವವರು ಸೇರಿ ಬರೆಯುತ್ತಿರುವ ಪತ್ರ ಇದು. ಸಂಬಳ ಸಾಲದು ಅಂತ ಹೇಳಲು ಇದನ್ನು ಬರೆಯುತ್ತಿಲ್ಲ. ಆ ಮಾತನ್ನು ಒಕ್ಕೂಟದವರೂ ನಿರ್ಮಾಪಕರೂ ಕೂತು ಆಡುತ್ತಲೇ ಬಂದಿದ್ದಾರೆ. ನಾವು ಕೇಳುತ್ತಿರುವುದು ಗಡಿಯಾರದ ವಿಷಯ. ನಮ್ಮ ಕೆಲಸ ಯಾವಾಗ ಶುರುವಾಗುತ್ತದೆ, ಯಾವಾಗ ಮುಗಿಯುತ್ತದೆ ಅನ್ನುವುದನ್ನು ಸರ್ಕಾರ ಒಮ್ಮೆ ಸರಿಯಾಗಿ ಬರೆದಿಟ್ಟರೆ, ಸೆಟ್ಟಿನಲ್ಲಿ ಆಗುವ ಅನಾಹುತಗಳಲ್ಲಿ ಎಷ್ಟೋ ತಾವಾಗಿಯೇ ನಿಲ್ಲುತ್ತವೆ ಅನ್ನುವುದು ನಮ್ಮ ನಂಬಿಕೆ. ಏಕೆ ಅನ್ನುವುದನ್ನು ವಿವರವಾಗಿ ಹೇಳುತ್ತೇವೆ.

ನಮ್ಮಲ್ಲಿ ಕಾಲ್‌ಶೀಟ್ ಅಂದರೆ ಎಂಟು ಗಂಟೆ. ಅದಕ್ಕಿಂತ ಹೆಚ್ಚಾದರೆ ಒಂದೂವರೆ, ಎರಡು ಕಾಲ್‌ಶೀಟ್ ಅಂತ ಬಾಟಾ, ಅಂದರೆ ದಿನದ ಭತ್ಯೆ, ಬೆಳೆಯುತ್ತದೆ. ಕೇಳಲು ನ್ಯಾಯವಾಗಿಯೇ ಇದೆ. ತೊಡಕಿರುವುದು ಎಣಿಕೆಯಲ್ಲಿ. ಕಾಗದದ ಮೇಲಿನ ಹೊತ್ತು ಕಾಲ್‌ಟೈಮಿಗೆ, ಅಂದರೆ ಶೂಟಿಂಗ್ ಶುರುವೆಂದು ಹೇಳಿದ ಹೊತ್ತಿಗೆ, ಶುರುವಾಗಿ ‘ಪ್ಯಾಕಪ್’ (ಇವತ್ತಿನ ಶೂಟಿಂಗ್ ಮುಗಿಯಿತು) ಅನ್ನುವ ಕೂಗಿಗೆ ನಿಂತುಬಿಡುತ್ತದೆ. ಆ ಕೂಗಿನೊಂದಿಗೆ ಕೆಲಸ ಮುಗಿಯುವುದು ಸೆಟ್ಟಿನಲ್ಲಿ ಹತ್ತಿಪ್ಪತ್ತು ಜನಕ್ಕೆ ಮಾತ್ರ. ಉಳಿದವರಿಗೆ ದಿನದ ಅತಿ ಭಾರದ ಕೆಲಸ ಶುರುವಾಗುವುದೇ ಆಗ.

ಬೆಂಗಳೂರಿನ ಒಂದು ಧಾರಾವಾಹಿ ಸೆಟ್ಟನ್ನೇ ತೆಗೆದುಕೊಳ್ಳಿ. ಶೂಟಿಂಗ್ ಮನೆ ರಾಜರಾಜೇಶ್ವರಿನಗರದಲ್ಲೋ ಕೆಂಗೇರಿಯ ಆಚೆಯೋ ಇದೆ. ಬೆಳಿಗ್ಗೆ ಏಳಕ್ಕೆ ಕಾಲ್‌ಟೈಮ್, ರಾತ್ರಿ ಒಂಬತ್ತಕ್ಕೆ ಪ್ಯಾಕಪ್. ಕಾಗದದ ಪ್ರಕಾರ ಹದಿನಾಲ್ಕು ಗಂಟೆ, ಅದೇ ಅತಿಯಾಯಿತು. ಈಗ ಲೈಟ್‌ಬಾಯ್ ಒಬ್ಬರ ದಿನ ನೋಡಿ. ಏಳಕ್ಕೆ ಮೊದಲ ಶಾಟಿಗೆ ಬೆಳಕು ಸಿದ್ಧವಿರಬೇಕಾದರೆ ಆರಕ್ಕೆ ಯೂನಿಟ್ ಗಾಡಿ ಸ್ಥಳದಲ್ಲಿರಬೇಕು. ಅಂದರೆ ಐದಕ್ಕೆ ಗೋಡೌನಿನಲ್ಲಿ ಸಾಮಾನು ಹೇರಬೇಕು, ನಾಲ್ಕೂಕಾಲಿಗೆ ಮನೆ ಬಿಡಬೇಕು. ರಾತ್ರಿ ಒಂಬತ್ತಕ್ಕೆ ಪ್ಯಾಕಪ್ ಆದ ಮೇಲೆ ದೀಪ ತಣ್ಣಗಾಗಬೇಕು, ಇಳಿಸಬೇಕು, ಕೇಬಲ್ ಸುತ್ತಬೇಕು, ಸ್ಟ್ಯಾಂಡು, ಕಟ್ಟರು, ಸ್ಕಿಮ್ಮರು, ಥರ್ಮಾಕೋಲ್ ಎಣಿಸಿ ಗಾಡಿಗೆ ಹಾಕಬೇಕು. ಅಲ್ಲಿಗೆ ಹತ್ತೂಕಾಲು. ಗೋಡೌನು ತಲುಪಿ ಇಳಿಸುವಷ್ಟರಲ್ಲಿ ಹನ್ನೊಂದೂವರೆ. ಮನೆಗೆ ಹನ್ನೆರಡೂಕಾಲು. ನಾಳೆ ಮತ್ತೆ ನಾಲ್ಕೂಕಾಲು. ಹದಿನಾಲ್ಕು ಅಂತ ಬರೆದದ್ದು ನಿಜದಲ್ಲಿ ಇಪ್ಪತ್ತು. ಮಿಕ್ಕ ನಾಲ್ಕು ಗಂಟೆಯಲ್ಲೇ ಊಟ, ಸ್ನಾನ, ಮಕ್ಕಳ ಮುಖ, ನಿದ್ದೆ.

ಕೇಬಲ್ ಸುತ್ತುವುದು ಅಂದರೆ ಏನು ಮಹಾ ಅನ್ನಿಸಬಹುದು. 35 ಚದರ ಮಿಲಿಮೀಟರಿನ, ನಾಲ್ಕು ಕೋರ್ ಇರುವ ತಾಮ್ರದ ಕೇಬಲ್ 30 ಮೀಟರ್ ಉದ್ದಕ್ಕೆ ಒಳಗಿನ ತಾಮ್ರವೇ 37 ಕೆಜಿಗೆ ಮೇಲೆ ತೂಗುತ್ತದೆ. ಮೇಲಿನ ರಬ್ಬರು ಸೇರಿದರೆ ಇಬ್ಬರು ಹೊರಬೇಕು. ದಿನವಿಡೀ ಕರೆಂಟು ಹರಿದು ಬಿಸಿಯಾಗಿರುತ್ತದೆ. ಮಳೆಯ ದೃಶ್ಯವಿದ್ದರೆ ಕೆಸರು ಮೆತ್ತಿರುತ್ತದೆ. ಅದನ್ನು ಮೊದಲು ಒರೆಸಬೇಕು. ಸುತ್ತುವಾಗ ಒಂದು ಸುತ್ತು ಮೇಲಿನಿಂದ, ಮುಂದಿನದು ಒಳಗಿನಿಂದ ಬರಬೇಕು, ಆಗ ಮಾತ್ರ ಎಳೆಗಳು ತಿರುಚಿಕೊಳ್ಳುವುದಿಲ್ಲ. ನಿದ್ದೆಗಣ್ಣಿನಲ್ಲಿ ಮೊಣಕೈಗೆ ಹಾಕಿ ಬಿಗಿಯಾಗಿ ಸುತ್ತಿದರೆ ಕೇಬಲಿನ ಒಳಗಿರುವ ಸಣ್ಣ ಎಳೆಗಳು ಒಂದೊಂದಾಗಿ ತುಂಡಾಗುತ್ತವೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಮರುದಿನ ಅದೇ ಕೇಬಲಿನಲ್ಲಿ ಪೂರ್ತಿ ಲೋಡ್ ಹರಿದಾಗ ಎಳೆ ಕಡಿಮೆಯಿರುವ ಜಾಗ ಬಿಸಿಯೇರುತ್ತದೆ, ರಬ್ಬರು ಮೆತ್ತಗಾಗುತ್ತದೆ, ಕೊನೆಗೆ ಫೇಸು ಹೊರಗೆ ಇಣುಕುತ್ತದೆ. ಅದರ ಮೇಲೆ ಇನ್ಸುಲೇಷನ್ ಟೇಪ್ ಸುತ್ತಿ ಇನ್ನೊಂದು ತಿಂಗಳು ಓಡಿಸುತ್ತಾರೆ. ಹುಲ್ಲುಹಾಸಿನ ಮೇಲೆ, ನೀರು ಚೆಲ್ಲಿದ ನೆಲದ ಮೇಲೆ ಬರಿಗಾಲಿನ ನೃತ್ಯ ನಡೆಯುವುದು ಇಂಥ ಕೇಬಲಿನ ಪಕ್ಕದಲ್ಲೇ. ರಾತ್ರಿ ಹತ್ತು ಗಂಟೆಯ ಅವಸರ ಮಾರನೇ ದಿನ ಮಧ್ಯಾಹ್ನ ಮೂರಕ್ಕೆ ಶಾಕ್ ಆಗಿ ಬರುತ್ತದೆ.

ಜನರೇಟರ್ ವಿಷಯವೂ ಹೀಗೆಯೇ. 125 ಕೆವಿಎ ಜನರೇಟರು ಪ್ರತಿ ಫೇಸಿಗೆ ಸುಮಾರು 180 ಆಂಪಿಯರ್ ಕೊಡುತ್ತದೆ. ಹಗಲಿನಂಥ ಬೆಳಕು ಕೊಡುವ, 18 ಕಿಲೋವ್ಯಾಟಿನ ಒಂದು ಹೆಚ್‌ಎಂಐ ದೀಪವೇ ಸುಮಾರು 80 ಆಂಪಿಯರ್ ಎಳೆಯುತ್ತದೆ. ಮೂರು ಫೇಸಿಗೂ ಲೋಡು ಸಮವಾಗಿ ಹಂಚಬೇಕು, ನ್ಯೂಟ್ರಲ್ ಬೋಲ್ಟು ಬಿಗಿಯಾಗಿರಬೇಕು. ನ್ಯೂಟ್ರಲ್ ಸಡಿಲವಾದರೆ ಕಡಿಮೆ ಲೋಡಿರುವ ಫೇಸಿನ ವೋಲ್ಟೇಜು 230ರಿಂದ 400ರ ಕಡೆಗೆ ಏರುತ್ತದೆ, ಅಲ್ಲಿಗೆ ಜೋಡಿಸಿದ ಮಾನಿಟರು, ಚಾರ್ಜರು, ಫ್ಯಾನು ಎಲ್ಲ ಸುಟ್ಟುಹೋಗುತ್ತವೆ. ಇನ್ನು ಅರ್ತಿಂಗ್. ಗಾಡಿ ನಿಂತಿರುವುದು ರಬ್ಬರ್ ಟೈರಿನ ಮೇಲೆ, ನೆಲಕ್ಕೂ ಅದಕ್ಕೂ ಸಂಬಂಧವಿಲ್ಲ. ಹೋದ ಕಡೆಯಲ್ಲೆಲ್ಲ ಒಂದು ಅರ್ತ್ ರಾಡನ್ನು ನೆಲಕ್ಕೆ ಹೊಡೆದು, ನೀರು ಹಾಕಿ, ಗಾಡಿಯ ಮೈಗೂ ನ್ಯೂಟ್ರಲಿಗೂ ಜೋಡಿಸಿ, ಅಲ್ಲಿಂದ ಪ್ರತಿ ಬೋರ್ಡಿಗೂ, ಪ್ರತಿ ದೀಪಕ್ಕೂ ಅರ್ತ್ ತಂತಿ ಮುಟ್ಟಿದೆಯೇ ಎಂದು ನೋಡಬೇಕು. ಹಾಗೆ ಮಾಡಿದ್ದರೆ, ದೀಪದ ಲೋಹದ ಮೈಗೆ ಫೇಸು ತಾಗಿದ ಕೂಡಲೇ ಬ್ರೇಕರ್ ಬೀಳುತ್ತದೆ. ಮಾಡಿಲ್ಲದಿದ್ದರೆ ಸ್ಟ್ಯಾಂಡು ಹಿಡಿದವನ ಮೈಯೇ ಕರೆಂಟಿನ ದಾರಿಯಾಗುತ್ತದೆ. ಬೋರ್ಡಿನಲ್ಲಿ 30 ಮಿಲಿ ಆಂಪಿಯರಿನ ಇಎಲ್‌ಸಿಬಿ (ಕರೆಂಟು ಸೋರಿದರೆ ಸರಬರಾಜು ಕಡಿಯುವ ಸ್ವಿಚ್ಚು) ಇದ್ದರೂ ಜನರೇಟರಿನ ಬಳಿ ನ್ಯೂಟ್ರಲ್ಲಿಗೂ ಅರ್ತಿಗೂ ಜೋಡಣೆ ಇಲ್ಲದಿದ್ದರೆ ಅದು ಕೆಲಸ ಮಾಡುತ್ತದೆ ಅಂತ ನೆಚ್ಚುವಂತಿಲ್ಲ. ಇಷ್ಟಕ್ಕೆಲ್ಲ ಬೇಕಾಗುವುದು ಇಪ್ಪತ್ತು, ಇಪ್ಪತ್ತೈದು ನಿಮಿಷ. ಗಟ್ಟಿ ನೆಲವಾದರೆ ಇನ್ನೂ ಹತ್ತು. ಆದರೆ ಆ ಅರ್ಧ ಗಂಟೆ ಕಾಲ್‌ಟೈಮಿನ ಹಿಂದಿನ ಹೊತ್ತು, ಯಾರ ಲೆಕ್ಕದಲ್ಲೂ ಇಲ್ಲದ ಹೊತ್ತು. ಎಷ್ಟೋ ಕಡೆ ರಾಡು ಗಾಡಿಯೊಳಗೇ ಉಳಿದುಬಿಡುತ್ತದೆ.

ಎತ್ತರದ ಕೆಲಸಕ್ಕೂ ಇದೇ ಮಾತು. ರಾತ್ರಿ ದೃಶ್ಯಕ್ಕೆ ಬೆಳದಿಂಗಳು ಬೇಕಾದರೆ ಇಪ್ಪತ್ತು ಮೂವತ್ತು ಅಡಿ ಮೇಲೆ ದೀಪ ಹೋಗಬೇಕು. ದೊಡ್ಡ ಹೆಚ್‌ಎಂಐಯ ತಲೆಯೊಂದೇ ಸುಮಾರು 60 ಕೆಜಿ. ಅದಕ್ಕೆ ಬಿದಿರಿನ ಸಾರುವೆ ಕಟ್ಟುತ್ತಾರೆ. ನಾರಿನ ಹಗ್ಗ ನೆನೆದಾಗ ಬಿಗಿಯುತ್ತದೆ, ಒಣಗಿದಾಗ ಸಡಿಲಾಗುತ್ತದೆ. ಇಬ್ಬನಿಯಲ್ಲಿ ಕಟ್ಟಿದ ಗಂಟನ್ನು ಬಿಸಿಲೇರಿದ ಮೇಲೆ ಮತ್ತೊಮ್ಮೆ ಬಿಗಿಯಲೇಬೇಕು. ಹತ್ತುವವನ ಸೊಂಟಕ್ಕೆ ಬೆಲ್ಟ್ ಇದ್ದರೆ ಸಾಲದು. ಬೆಲ್ಟಿನ ಕೊಂಡಿ ತಲೆಗಿಂತ ಮೇಲೆ, ದೀಪ ಕಟ್ಟಿದ ಕಂಬಕ್ಕಲ್ಲದೆ ಬೇರೆ ಕಂಬಕ್ಕೆ ಸಿಗಬೇಕು. ದೀಪ ಸರಿದರೆ ಮನುಷ್ಯನೂ ಅದರೊಂದಿಗೆ ಹೋಗಬಾರದಲ್ಲ. ದೀಪಕ್ಕೆ ಬೇರೆ ಸೇಫ್ಟಿ ಚೈನು ಬೇಕು, ಕೆಳಗೆ ಏಣಿ ಹಿಡಿಯಲು ಒಬ್ಬ ಬೇಕು. ಆದರೆ ಆ ಒಬ್ಬನನ್ನು ಇನ್ನೊಂದು ಶಾಟಿನ ರಿಫ್ಲೆಕ್ಟರ್ ಹಿಡಿಯಲು ಕರೆದುಬಿಟ್ಟಿರುತ್ತಾರೆ. 2024ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವಲಯದ ಮಾದನಾಯಕನಹಳ್ಳಿಯ ಕಡೆ ಸಿನಿಮಾ ಸೆಟ್ಟೊಂದರಲ್ಲಿ ಲೈಟ್‌ಬಾಯ್ ಒಬ್ಬರು ಎತ್ತರದಿಂದ ಬಿದ್ದು ತೀರಿಕೊಂಡದ್ದು ತಮಗೆ ನೆನಪಿರಬಹುದು. ಸುದ್ದಿ ಎರಡು ದಿನ ಇತ್ತು. ಏಣಿಗಳು ಇನ್ನೂ ಹಾಗೆಯೇ ಇವೆ.

2021ರ ಆಗಸ್ಟಿನಲ್ಲಿ ಬಿಡದಿ ಬಳಿ ಸಾಹಸ ದೃಶ್ಯ ತೆಗೆಯುವಾಗ ಹೈಟೆನ್ಷನ್ ತಂತಿಯ ಕರೆಂಟು ಹರಿದು ಫೈಟರ್ ಒಬ್ಬರು ಹೋದರು. ಕ್ರೇನು, ಲೋಹದ ಹಗ್ಗ, ಮೇಲೊಂದು ತಂತಿ, ಈ ಮೂರೂ ಒಂದೇ ಕಡೆ ಇರಬಾರದು ಅನ್ನುವುದು ಯೂನಿಟ್ಟಿನ ಪ್ರತಿಯೊಬ್ಬನಿಗೂ ಗೊತ್ತು. ಇರಲೇಬೇಕಾದರೆ ಮಾರ್ಗವೂ ಗೊತ್ತು. ಬೆಸ್ಕಾಂ ಕಚೇರಿಗೆ ಮೊದಲೇ ಬರೆದುಕೊಟ್ಟು ಲೈನ್ ಕ್ಲಿಯರ್ ತೆಗೆದುಕೊಳ್ಳಬೇಕು, ಲೈನ್‌ಮ್ಯಾನ್ ಬಂದು ಸರಬರಾಜು ಕಡಿದು ತಂತಿಗೆ ಅರ್ತ್ ಮಾಡಿದ ಮೇಲೆಯೇ ಕ್ರೇನಿನ ತೋಳು ಎತ್ತಬೇಕು, ಕೆಲಸ ಮುಗಿದು ಎಲ್ಲರೂ ದೂರ ಸರಿದ ಮೇಲೆಯೇ ಲೈನ್ ವಾಪಸು ಕೊಡಬೇಕು. ತೋಟದಲ್ಲೋ ಗದ್ದೆಯಲ್ಲೋ ಶೂಟಿಂಗ್ ಅಂತ ಹಿಂದಿನ ರಾತ್ರಿ ಹತ್ತಕ್ಕೆ ನಿಗದಿಯಾದರೆ ಈ ಅರ್ಜಿ ಯಾರು ಕೊಡುವುದು, ಯಾವಾಗ ಕೊಡುವುದು? 2016ರ ನವೆಂಬರ್ 7ರಂದು ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ಲೈಫ್ ಜಾಕೆಟ್ ಇಲ್ಲದೆ ಹೆಲಿಕಾಪ್ಟರಿನಿಂದ ನೀರಿಗೆ ಹಾರಿದ ಇಬ್ಬರು ನಟರು ಮುಳುಗಿದರು. ಅದು ಕ್ಯಾಮೆರಾಗಳ ಮುಂದೆಯೇ ಆದದ್ದರಿಂದ ನಾಡೆಲ್ಲ ನೋಡಿತು. ಕ್ಯಾಮೆರಾ ಆಫ್ ಆದ ಮೇಲೆ ಆಗುವುದನ್ನು ನಾಡು ನೋಡುವುದಿಲ್ಲ.

ಬೆಂಕಿಯ ಮಾತು ಬಂದರೆ ಮೈಸೂರಿನವರಿಗೆ ಬೇರೆ ಹೇಳಬೇಕಾಗಿಲ್ಲ. 1989ರ ಫೆಬ್ರುವರಿ 8ರಂದು ಪ್ರೀಮಿಯರ್ ಸ್ಟುಡಿಯೋದಲ್ಲಿ ಟಿಪ್ಪು ಸುಲ್ತಾನ್ ಕುರಿತ ಧಾರಾವಾಹಿಯ ಚಿತ್ರೀಕರಣದ ವೇಳೆ ಬೆಂಕಿ ಹೊತ್ತಿ 60ಕ್ಕೂ ಹೆಚ್ಚು ಜನ ಸತ್ತರು. ಪ್ರತಿಧ್ವನಿ ತಡೆಯಲು ಗೋಡೆಗೆ ಗೋಣಿಚೀಲ ಹೊದಿಸಿದ್ದರು, ವೈರಿಂಗ್ ಸಡಿಲವಿತ್ತು, ಗಾಳಿ ಓಡಾಡಲು ದಾರಿಯಿರಲಿಲ್ಲ, ಬೆಂಕಿ ಆರಿಸುವ ವ್ಯವಸ್ಥೆಯೂ ಸಾಲದಾಗಿತ್ತು. ಇವತ್ತಿನ ಸೆಟ್ಟಿನಲ್ಲಿ ಗೋಣಿಯ ಜಾಗಕ್ಕೆ ಥರ್ಮಾಕೋಲ್, ಫೋಮು, ಫ್ಲೆಕ್ಸು, ಪ್ಲೈವುಡ್ ಬಂದಿವೆ. ಹೊತ್ತಿಕೊಳ್ಳುವುದರಲ್ಲಿ ಇವು ಗೋಣಿಗೇನೂ ಕಡಿಮೆಯಿಲ್ಲ. ಕಲಾ ವಿಭಾಗಕ್ಕೆ ಸೆಟ್ಟು ಸಿಗುವುದೇ ರಾತ್ರಿ, ಪ್ಯಾಕಪ್ ಆದ ಮೇಲೆ. ನಾಳೆ ಬೆಳಿಗ್ಗೆ ಅದೇ ಹಾಲ್ ಆಸ್ಪತ್ರೆಯ ಕೋಣೆಯಾಗಬೇಕು. ಎಂಟಡಿ ನಾಲ್ಕಡಿಯ ಫ್ಲ್ಯಾಟುಗಳನ್ನು, ಅಂದರೆ ಗೋಡೆಯಂತೆ ಕಾಣುವ ಹಲಗೆಗಳನ್ನು, ನಿಲ್ಲಿಸಿ, ಹಿಂದೆ ಆಸರೆ ಕೊಟ್ಟು ಮರಳುಚೀಲ ಇಟ್ಟು, ಸಂದಿಗೆ ಪುಟ್ಟಿ ತುಂಬಿ, ಬಣ್ಣ ಹೊಡೆಯಬೇಕು. ಎನಾಮಲ್ ಬಣ್ಣ ಪೂರ್ತಿ ಒಣಗಲು ಒಂದಿಡೀ ರಾತ್ರಿ ಬೇಕು, ಸಿಗುವುದು ನಾಲ್ಕು ಗಂಟೆ. ಹಾಗಾಗಿ ಥಿನ್ನರ್ ಹೆಚ್ಚು ಬೆರೆಸುತ್ತಾರೆ, ಗೋಡೆಗೆ ಹ್ಯಾಲೊಜನ್ ದೀಪ ಹಿಡಿಯುತ್ತಾರೆ, ಶಬ್ದ ಹೊರಗೆ ಹೋಗಬಾರದೆಂದು ಕಿಟಕಿ ಮುಚ್ಚುತ್ತಾರೆ. ಥಿನ್ನರಿನ ಆವಿ, ಕಾದ ದೀಪ, ಮುಚ್ಚಿದ ಕೋಣೆ. ಅದರೊಳಗೆ ನಾಲ್ಕು ಜನ ಬಡಗಿಗಳು, ಇಬ್ಬರು ಪೇಂಟರುಗಳು. ಬೆಳಿಗ್ಗೆ ಕಲಾವಿದರು ಬಂದಾಗ ‘ಏನು ವಾಸನೆ’ ಅಂತ ಮೂಗು ಮುಚ್ಚುತ್ತಾರೆ. ಆ ವಾಸನೆಯೊಳಗೆ ರಾತ್ರಿಯೆಲ್ಲ ಉಸಿರಾಡಿದವರು ಅಷ್ಟು ಹೊತ್ತಿಗೆ ಹಿಂದಿನ ಬಾಗಿಲ ಹತ್ತಿರ ಟಾರ್ಪಾಲಿನ ಮೇಲೆ ಮಲಗಿರುತ್ತಾರೆ.

ಇಷ್ಟು ಅವಸರ ಯಾಕೆ ಅನ್ನುವುದನ್ನೂ ಹೇಳಬೇಕು. ಅರ್ಧ ಗಂಟೆಯ ಸ್ಲಾಟಿನಲ್ಲಿ ಜಾಹೀರಾತು ಕಳೆದರೆ ಸುಮಾರು 22 ನಿಮಿಷದ ಕತೆ ಉಳಿಯುತ್ತದೆ. ವಾರಕ್ಕೆ ಆರು ಕಂತು ಅಂದರೆ 132 ನಿಮಿಷ. ಪ್ರತಿ ವಾರ ಒಂದು ಪೂರ್ತಿ ಸಿನಿಮಾದಷ್ಟು ಉದ್ದ. ಸಿನಿಮಾದಲ್ಲಿ ದಿನಕ್ಕೆ ಎರಡು ಮೂರು ನಿಮಿಷದಷ್ಟು ತೆಗೆದರೆ ಒಳ್ಳೆಯ ದಿನ ಅನ್ನುತ್ತೇವೆ, ಧಾರಾವಾಹಿಯಲ್ಲಿ ದಿನಕ್ಕೊಂದು ಕಂತು ತೆಗೆಯಲೇಬೇಕು. ಹತ್ತು ಹದಿನೈದು ಕಂತು ಮುಂಚಿತವಾಗಿ ಕೈಯಲ್ಲಿದ್ದರೆ ಎಲ್ಲರೂ ನೆಮ್ಮದಿಯಾಗಿರುತ್ತಾರೆ. ಅದನ್ನು ಬ್ಯಾಂಕಿಂಗ್ ಅನ್ನುತ್ತೇವೆ. ಬ್ಯಾಂಕಿಂಗ್ ಕರಗುವುದು ಗುರುವಾರ. ಗುರುವಾರ ಟಿಆರ್‌ಪಿ ಬರುತ್ತದೆ. ಅಂಕಿ ಇಳಿದಿದ್ದರೆ ಮಧ್ಯಾಹ್ನದೊಳಗೆ ಕತೆಯ ಟ್ರ್ಯಾಕ್ ಬದಲಾಗುತ್ತದೆ, ತೆಗೆದಿಟ್ಟ ದೃಶ್ಯಗಳು ಪಕ್ಕಕ್ಕೆ ಹೋಗುತ್ತವೆ, ಇಲ್ಲದ ದೃಶ್ಯಗಳು ಶುಕ್ರವಾರವೇ ಬೇಕಾಗುತ್ತವೆ. ಸಂಭಾಷಣೆ ಬರೆಯುವವರು ರಾತ್ರಿಯಿಡೀ ಬರೆಯುತ್ತಾರೆ. ಸೀನ್ ಪೇಪರ್ ಬೆಳಿಗ್ಗೆ ಒಂಬತ್ತಕ್ಕೆ ವಾಟ್ಸಾಪಿನಲ್ಲಿ ಬಂದು ಬೀಳುತ್ತದೆ.

ಅದನ್ನು ಕಲಾವಿದರು ಬಾಯಿಪಾಠ ಮಾಡಲು ಹೊತ್ತೆಲ್ಲಿ? ಅಲ್ಲಿ ಬರುವವರು ಪ್ರಾಂಪ್ಟ್ ಮಾಡುವ ಸಹಾಯಕ ನಿರ್ದೇಶಕರು. ಕ್ಯಾಮೆರಾದ ಪಕ್ಕ ನೆಲಕ್ಕೆ ಕೂತು ಒಂದು ಸಾಲನ್ನು ಗಟ್ಟಿಯಾಗಿ ಹೇಳುತ್ತಾರೆ, ಕಲಾವಿದರು ಅದನ್ನೇ ಭಾವ ತುಂಬಿ ಹೇಳುತ್ತಾರೆ, ಮತ್ತೆ ಮುಂದಿನ ಸಾಲು. ಇವರ ದನಿ ಕಲಾವಿದರ ಮಾತಿನ ಮೇಲೆ ಬೀಳಬಾರದು, ತಡವೂ ಆಗಬಾರದು, ಅಳುವ ದೃಶ್ಯದಲ್ಲಿ ಅಳುವ ಲಯಕ್ಕೆ ಸರಿಯಾಗಿ ಬಿಟ್ಟು ಹೇಳಬೇಕು. ಹೀಗೆ ದಿನಕ್ಕೆ ಎಂಟು, ಹತ್ತು ದೃಶ್ಯ, ಪ್ರತಿ ದೃಶ್ಯಕ್ಕೂ ಹಲವು ಟೇಕು. ರಾತ್ರಿ ಹೊತ್ತಿಗೆ ಗಂಟಲು ಕಟ್ಟಿರುತ್ತದೆ. ಆಮೇಲೆ ಎಡಿಟರ್ ಕೂತು ಈ ದನಿಯನ್ನು ಸಾಲುಸಾಲಾಗಿ ಕತ್ತರಿಸಿ ತೆಗೆಯುತ್ತಾರೆ. ಮನೆಯಲ್ಲಿ ಕೂತು ನೋಡುವವರಿಗೆ ಆ ದನಿ ಒಂದು ಕ್ಷಣವೂ ಕೇಳಿಸಬಾರದು, ಕೇಳಿಸಿದರೆ ಅದು ತಪ್ಪು. ಅದೇ ಸಹಾಯಕರು ಮಧ್ಯೆ ಕಂಟಿನ್ಯುಟಿಯನ್ನೂ ನೋಡುತ್ತಿರುತ್ತಾರೆ. ಸೋಮವಾರ ಹಾಲಿನಲ್ಲಿ ಬಾಗಿಲು ತೆರೆದ ಸೊಸೆ ಶುಕ್ರವಾರ ತೆಗೆಯುವ ಅಂಗಳದ ದೃಶ್ಯದಲ್ಲಿ ಅದೇ ಸೀರೆ, ಅದೇ ಎಡಗೈಯ ಎರಡು ಬಳೆ, ಅರ್ಧ ಬಾಡಿದ ಅದೇ ಮಲ್ಲಿಗೆಯಲ್ಲಿರಬೇಕು. ಬಾಡಿದ ಮಲ್ಲಿಗೆಯನ್ನು ನಾಲ್ಕು ದಿನದ ಮೇಲೆ ಅಷ್ಟೇ ಬಾಡಿಸಿ ತರುವುದು ವಸ್ತ್ರ ವಿಭಾಗದ ಹೆಣ್ಣುಮಗಳೊಬ್ಬಳ ಕೆಲಸ.

ಬ್ಯಾಂಕಿಂಗ್ ಪೂರ್ತಿ ಕರಗಿದರೆ ಬೆಳಿಗ್ಗೆ ತೆಗೆದದ್ದು ಸಂಜೆಯೇ ಪ್ರಸಾರಕ್ಕೆ ಹೋಗುತ್ತದೆ. ಆಗ ಕ್ಯಾಮೆರಾದ ಮೆಮೊರಿ ಕಾರ್ಡುಗಳನ್ನು ಬೈಕಿನಲ್ಲಿ ಎಡಿಟಿಂಗ್ ಕೋಣೆಗೆ ಓಡಿಸುತ್ತಾರೆ. 512 ಜಿಬಿಯ ಕಾರ್ಡನ್ನು ಸಾಧಾರಣ ಹಾರ್ಡ್‌ಡಿಸ್ಕಿಗೆ ಇಳಿಸಲು ಹೆಚ್ಚುಕಡಿಮೆ ಒಂದು ಗಂಟೆ ಬೇಕು. ಎರಡು ಡಿಸ್ಕಿಗೆ ಇಳಿಸಿ, ಎರಡನ್ನೂ ತೆರೆದು ನೋಡಿ, ಆಮೇಲೆ ಕಾರ್ಡು ಫಾರ್ಮ್ಯಾಟ್ ಮಾಡುವುದು ಕ್ರಮ. ಕಾರ್ಡಿಗೆ ಕೆಂಪು ಟೇಪು ಅಂದರೆ ತುಂಬಿದ್ದು, ಹಸಿರು ಅಂದರೆ ಖಾಲಿ. ಹದಿನೆಂಟನೇ ಗಂಟೆಯಲ್ಲಿ ಕಣ್ಣಿಗೆ ಕೆಂಪೂ ಹಸಿರೂ ಒಂದೇ. ತಪ್ಪು ಕಾರ್ಡು ಅಳಿಸಿದರೆ ಇಡೀ ದಿನದ ಎಂಬತ್ತು ಜನರ ದುಡಿಮೆ ಹೋಯಿತು, ಜೊತೆಗೆ ಅಳಿಸಿದ ಹುಡುಗನ ಕೆಲಸವೂ ಹೋಯಿತು.

ಹೆಣ್ಣುಮಕ್ಕಳ ವಿಷಯದಲ್ಲಿ ಹೆಚ್ಚು ಹೇಳುವುದಕ್ಕಿಂತ ಒಂದನ್ನು ಸ್ಪಷ್ಟವಾಗಿ ಹೇಳುತ್ತೇವೆ. ಕ್ಯಾರವಾನ್ (ಶೌಚಾಲಯವಿರುವ ವಿಶ್ರಾಂತಿ ವಾಹನ) ಇರುವುದು ಮುಖ್ಯ ಕಲಾವಿದರಿಗೆ. ಹೇರ್‌ಡ್ರೆಸ್ಸರ್, ವಸ್ತ್ರ ಸಹಾಯಕಿ, ಸಹ ನಿರ್ದೇಶಕಿ, ಜೂನಿಯರ್ ಕಲಾವಿದೆಯರಿಗೆ ಹೊರಾಂಗಣದಲ್ಲಿ ಶೌಚಾಲಯ ಅನ್ನುವುದು ಪಕ್ಕದ ಮನೆಯವರ ಕರುಣೆ. ಬೆಳಿಗ್ಗೆಯಿಂದ ನೀರು ಕುಡಿಯದೆ ಇರುವುದು ಇವರಿಗೆ ಅಭ್ಯಾಸವಾಗಿಹೋಗಿದೆ. ಮಲಯಾಳಂ ಚಿತ್ರರಂಗದ ಹೆಣ್ಣುಮಕ್ಕಳ ಸ್ಥಿತಿ ತಿಳಿಯಲು ಕೇರಳ ಸರ್ಕಾರ ನೇಮಿಸಿದ ನ್ಯಾಯಮೂರ್ತಿ ಹೇಮಾ ಸಮಿತಿಯ ವರದಿ 2024ರ ಆಗಸ್ಟಿನಲ್ಲಿ ಹೊರಬಂದಾಗ ಇದೇ ಸಂಗತಿ ಅದರಲ್ಲಿತ್ತು. ನೀರು ಕುಡಿಯದೆ ಮೂತ್ರದ ಸೋಂಕಿಗೆ ತುತ್ತಾಗುವ ಹೆಣ್ಣುಮಕ್ಕಳು ಗಡಿಯ ಈಚೆಗೂ ಇದ್ದಾರೆ. ಒಂದು ಮೊಬೈಲ್ ಶೌಚಾಲಯದ ಬಾಡಿಗೆ ಎರಡನೇ ಕ್ಯಾಮೆರಾದ ಬಾಡಿಗೆಗಿಂತ ಹೆಚ್ಚೇನಲ್ಲ. ರಾತ್ರಿ ಹನ್ನೊಂದಕ್ಕೆ ಕೆಲಸ ಮುಗಿಸಿದ ಹೇರ್‌ಡ್ರೆಸ್ಸರನ್ನು ಮುಖ್ಯರಸ್ತೆಯಲ್ಲಿ ಇಳಿಸಿ ಹೋಗುವುದೂ ನಿಲ್ಲಬೇಕು. ಮನೆ ಬಾಗಿಲಿಗೆ ಬಿಡುವುದು ಕೆಲಸದ ಭಾಗ, ಉಪಕಾರವಲ್ಲ.

ಊಟ ಬಡಿಸುವ ಪ್ರೊಡಕ್ಷನ್ ಹುಡುಗರು ಬೆಳಿಗ್ಗೆ ನಾಲ್ಕಕ್ಕೆ ಎದ್ದು, ಎಲ್ಲರ ತಟ್ಟೆ ತೊಳೆದ ಮೇಲೆ ಕೊನೆಗೆ ಉಣ್ಣುತ್ತಾರೆ. ಊಟದ ವಿರಾಮ ಅಂತ ಬರೆದ ಆ ಒಂದು ಗಂಟೆಯಲ್ಲೇ ಲೈಟಿನವರು ಮುಂದಿನ ಸೆಟಪ್ ಕಟ್ಟಬೇಕು. ಇವರಿಗೆ ವಿರಾಮ ಕಾಗದದಲ್ಲಿ ಮಾತ್ರ.

ಎಲ್ಲಕ್ಕಿಂತ ಹೆದರಿಕೆಯ ಸಂಗತಿಯನ್ನು ಕೊನೆಗೆ ಇಟ್ಟುಕೊಂಡಿದ್ದೇವೆ. ಅದು ಗಾಡಿ ಓಡಿಸುವವರದು. ಯೂನಿಟ್ ಗಾಡಿಯ ಚಾಲಕರು ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೊರಡುತ್ತಾರೆ, ರಾತ್ರಿ ಎಲ್ಲರನ್ನೂ ಬಿಟ್ಟ ಮೇಲೆ ಗಾಡಿ ನಿಲ್ಲಿಸುತ್ತಾರೆ. ‘ನಡುವೆ ಮಲಗುತ್ತಾರಲ್ಲ’ ಅನ್ನುತ್ತಾರೆ. ಎಲ್ಲಿ ಮಲಗುವುದು? ಬಿಸಿಲಲ್ಲಿ ನಿಂತ ಗಾಡಿಯ ಸೀಟಿನಲ್ಲಿ, ಜನರೇಟರಿನ ಸದ್ದಿನಲ್ಲಿ, ಅರ್ಧ ಗಂಟೆಗೊಮ್ಮೆ ‘ಗಾಡಿ ಸ್ವಲ್ಪ ಹಿಂದೆ ತೆಗಿ, ಫ್ರೇಮಿಗೆ ಬರ್ತಿದೆ’ ಅನ್ನುವ ಕೂಗಿನ ನಡುವೆ. ಹದಿನೇಳು ಗಂಟೆ ನಿದ್ದೆಯಿಲ್ಲದಿದ್ದರೆ ಮನುಷ್ಯನ ಚುರುಕು ರಕ್ತದಲ್ಲಿ ಶೇ 0.05 ಮದ್ಯ ಇದ್ದವನಷ್ಟು ಇಳಿಯುತ್ತದೆ ಎಂದು 1997ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ತೋರಿಸಿದರು. ನಮ್ಮ ದೇಶದಲ್ಲಿ ಚಾಲಕನಿಗೆ ಕಾನೂನು ಹಾಕಿರುವ ಮಿತಿ ಶೇ 0.03. ಅಂದರೆ ಕುಡಿದು ಓಡಿಸಿದರೆ ಪೊಲೀಸರು ಹಿಡಿಯುವ ಸ್ಥಿತಿಗಿಂತ ಕೆಟ್ಟ ಸ್ಥಿತಿಯಲ್ಲಿ, ಒಂದು ಹನಿಯೂ ಕುಡಿಯದವರು, ಹದಿನೈದು ಜನರನ್ನು ಕೂರಿಸಿಕೊಂಡು ರಾತ್ರಿ ಓಡಿಸುತ್ತಿದ್ದಾರೆ. ಹೊರಾಂಗಣ ಮುಗಿಸಿ ರಾತ್ರೋರಾತ್ರಿ ಸಕಲೇಶಪುರದಿಂದಲೋ ಚಿಕ್ಕಮಗಳೂರಿನಿಂದಲೋ ಹೊರಟರೆ, ಬೆಳಿಗ್ಗೆ ಇನ್ನೊಂದು ಸೆಟ್ಟಿಗೆ ಗಾಡಿ ಬೇಕಿರುತ್ತದೆ. 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯ್ದೆಯೇ ಚಾಲಕನಿಗೆ ದಿನಕ್ಕೆ ಎಂಟು ಗಂಟೆ ಅಂದಿತ್ತು. ಬಸ್ಸಿನ ಚಾಲಕನಿಗೆ ಅನ್ವಯಿಸಿದ ತತ್ವ ಯೂನಿಟ್ ಗಾಡಿಗೆ ಏಕಿಲ್ಲ?

ಕಾನೂನಿನ ಬಗ್ಗೆ ಎರಡು ಮಾತು. 1981ರಲ್ಲಿ ಸಿನಿ ಕಾರ್ಮಿಕರಿಗೆಂದು ಕೇಂದ್ರದ ಕಾಯ್ದೆ ಬಂದಾಗ ಅದು ಕಥಾಚಿತ್ರಗಳ ಕಾಯ್ದೆಯಾಗಿತ್ತು. ಧಾರಾವಾಹಿಗಳ ದುಡಿಮೆ ಅದರ ಕಣ್ಣಿಗೆ ಬಿದ್ದಿರಲಿಲ್ಲ. 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿ ಸಂಹಿತೆ, 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವಂಥದ್ದು, ಟೆಲಿವಿಷನ್, ವೆಬ್ ಸರಣಿ, ರಿಯಾಲಿಟಿ ಷೋ ಎಲ್ಲವನ್ನೂ ಸೇರಿಸಿಕೊಂಡಿದೆ. ಲಿಖಿತ ಒಪ್ಪಂದವಿಲ್ಲದೆ ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ, ಒಪ್ಪಂದ ನೋಂದಣಿಯಾಗಬೇಕು, ಅದರಲ್ಲಿ ಕೆಲಸದ ಹೊತ್ತು, ಸುರಕ್ಷತೆ, ಸೌಕರ್ಯ ಬರೆದಿರಬೇಕು ಅನ್ನುತ್ತದೆ. ಇದನ್ನು ಮನಸಾರೆ ಸ್ವಾಗತಿಸುತ್ತೇವೆ. ಆದರೆ ‘ಕೆಲಸದ ಹೊತ್ತು: ಬೆಳಿಗ್ಗೆ 7ರಿಂದ’ ಎಂದು ಬರೆದ ಒಪ್ಪಂದಕ್ಕೆ ಸಹಿ ಹಾಕಿಸಿದರೆ ಹಳೆಯ ಲೆಕ್ಕಕ್ಕೇ ಹೊಸ ಮುದ್ರೆ ಬಿದ್ದಂತೆ. ರಾಜ್ಯ ಸರ್ಕಾರ 2024ರಲ್ಲಿ ಸಿನಿ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕ್ಷೇಮಕ್ಕೆಂದು ಕಾಯ್ದೆ ತಂದು, ಟಿಕೆಟ್ಟು ಮತ್ತು ಚಂದಾದ ಮೇಲೆ ಶೇ 1ರಿಂದ 2ರಷ್ಟು ಸೆಸ್ ಹಾಕುವ ಅಧಿಕಾರ ಪಡೆದುಕೊಂಡಿತು. ಸತ್ತವರ ಮನೆಗೆ, ಬಿದ್ದವರ ಆಸ್ಪತ್ರೆಗೆ ಆ ಹಣ ಬೇಕೇ ಬೇಕು. ಬೀಳದಂತೆ ನೋಡಿಕೊಳ್ಳುವುದು ಮಾತ್ರ ಹಣದಿಂದಾಗುವುದಲ್ಲ, ಅದು ನಿಯಮದ ಕೆಲಸ.

ಹೊತ್ತು ಎಣಿಸಲು ಆಗುವುದಿಲ್ಲ ಅನ್ನುವವರಿಗೆ ಮಕ್ಕಳ ನಿಯಮವನ್ನು ತೋರಿಸುತ್ತೇವೆ. ಬಾಲ ಕಲಾವಿದರು ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಕೆಲಸ ಮಾಡುವಂತಿಲ್ಲ, ವಿರಾಮವಿಲ್ಲದೆ ಮೂರು ಗಂಟೆ ಮೀರುವಂತಿಲ್ಲ, ಸತತ 27 ದಿನ ದಾಟುವಂತಿಲ್ಲ, ದುಡಿಮೆಯ ಶೇ 20ರಷ್ಟನ್ನಾದರೂ ಮಗುವಿನ ಹೆಸರಲ್ಲಿ ಠೇವಣಿ ಇಡಬೇಕು ಎಂದು ಕೇಂದ್ರದ ನಿಯಮವಿದೆ. ಇದನ್ನು ಗಂಭೀರವಾಗಿ ಪಾಲಿಸುವ ಸೆಟ್ಟಿನಲ್ಲಿ ಮಗುವಿನ ದೃಶ್ಯಗಳನ್ನು ಬೆಳಿಗ್ಗೆಯೇ ಒಟ್ಟು ಸೇರಿಸಿ ತೆಗೆಯುತ್ತಾರೆ. ಲೆಕ್ಕ ಇದ್ದ ಕಡೆ ಯೋಜನೆ ತಾನಾಗಿ ಬರುತ್ತದೆ. ದೊಡ್ಡವರ ಹೊತ್ತನ್ನೂ ಹಾಗೆಯೇ ಎಣಿಸಬಹುದು.

ಹಾಗಾಗಿ ನಮ್ಮ ಕೋರಿಕೆ ಇಷ್ಟು. ಹೊಸ ಸಂಹಿತೆಯಡಿ ರಾಜ್ಯದ ನಿಯಮಗಳಲ್ಲಿಯೂ ಒಪ್ಪಂದದ ನಮೂನೆಯಲ್ಲಿಯೂ ಕೆಲಸದ ಹೊತ್ತು ಅಂದರೆ ಯೂನಿಟ್ ವ್ಯಾನ್ ಹತ್ತಿದಾಗಿಂದ ಅದೇ ವ್ಯಾನ್ ಇಳಿಯುವವರೆಗೆ ಎಂದು ಬರೆಯಿರಿ. ಇಳಿದ ಹೊತ್ತಿನಿಂದ ಮತ್ತೆ ಹತ್ತುವ ಹೊತ್ತಿಗೆ ಹನ್ನೊಂದು ಗಂಟೆಯ ಅಂತರವಿರಲಿ. ಯಾವ ಕಾರಣಕ್ಕೇ ತಡವಾದರೂ ಮರುದಿನದ ಕಾಲ್‌ಟೈಮ್ ಅಷ್ಟೇ ಮುಂದಕ್ಕೆ ಹೋಗಲಿ. ಚಾಲಕರನ್ನು ಎರಡು ಪಾಳಿಯಲ್ಲಿ ಇಡಲಿ. ಮೊದಲ ದೀಪ ಹೊತ್ತುವ ಮುಂಚೆ ಅರ್ತಿಂಗ್, ಇಎಲ್‌ಸಿಬಿ, ಏಣಿ, ಬೆಲ್ಟು, ಬೆಂಕಿ ಆರಿಸುವ ಸಿಲಿಂಡರು ನೋಡಲು ಅರ್ಧ ಗಂಟೆ ಕಾಲ್‌ಶೀಟಿನೊಳಗೇ ಇರಲಿ, ನೋಡಿದವರು ಸಹಿ ಹಾಕಲಿ. ಸರಿಯಿಲ್ಲ ಅಂದ ಗ್ಯಾಫರನ್ನು (ಲೈಟ್ ವಿಭಾಗದ ಮುಖ್ಯಸ್ಥನನ್ನು) ಅಥವಾ ಲೈಟ್‌ಬಾಯಿಯನ್ನು ಆ ಕಾರಣಕ್ಕೆ ಕೆಲಸದಿಂದ ತೆಗೆಯುವಂತಿಲ್ಲ ಅನ್ನುವುದೂ ಬರೆದಿರಲಿ.

ಇದರಿಂದ ಖರ್ಚು ಹೆಚ್ಚುತ್ತದೆ ಎಂದು ನಿರ್ಮಾಪಕರು ಹೇಳುತ್ತಾರೆ, ಅವರ ಮಾತು ಸುಳ್ಳಲ್ಲ. ವಾಹಿನಿ ಕೊಡುವುದು ಕಂತಿಗಿಷ್ಟು ಎಂಬ ಲೆಕ್ಕದಲ್ಲಿ. ದಿನಕ್ಕೊಂದು ಕಂತು ಮುಗಿಸಿದರೆ ಉಳಿತಾಯ, ಎರಡು ದಿನ ಹಿಡಿದರೆ ನಷ್ಟ. ಅದೂ ಪ್ರಸಾರವಾದ ಎಷ್ಟೋ ದಿನದ ಮೇಲೆ ಕೈಗೆ ಬರುವ ಹಣ. ನಿರ್ಮಾಪಕರ ಮೇಲೆ ಬೀಳುವ ಒತ್ತಡವೇ ಮೆಟ್ಟಿಲಿಳಿದು ಸಾರುವೆಯ ತುದಿಯಲ್ಲಿರುವವನ ಮೇಲೆ ಬೀಳುತ್ತದೆ. ಹಾಗಾಗಿ ವಾಹಿನಿಗಳ ಮುಖ್ಯಸ್ಥರನ್ನು ನೇರವಾಗಿ ಕೇಳಿಕೊಳ್ಳುತ್ತೇವೆ: ಕನಿಷ್ಠ ಹನ್ನೆರಡು ಕಂತು ಕೈಯಲ್ಲಿರದ ಧಾರಾವಾಹಿಯ ಕತೆಯನ್ನು ಗುರುವಾರ ಮಧ್ಯಾಹ್ನ ಬದಲಿಸಬೇಡಿ. ಬದಲಿಸಲೇಬೇಕಾದರೆ ಅದರ ಹೆಚ್ಚುವರಿ ದಿನದ ಖರ್ಚನ್ನು ನೀವು ಹೊರಿ. ಇದಾದರೆ ಅರ್ಧ ತೊಂದರೆ ಅಲ್ಲೇ ಬಗೆಹರಿಯುತ್ತದೆ.

ಪರಿಶೀಲನೆಗೆ ಅಧಿಕಾರಿಗಳನ್ನು ಕಳುಹಿಸುವುದಾದರೆ ದಯವಿಟ್ಟು ಬೆಳಿಗ್ಗೆ ಹನ್ನೊಂದಕ್ಕೆ ಸೆಟ್ಟಿಗೆ ಕಳುಹಿಸಬೇಡಿ. ಆಗ ಎಲ್ಲ ಚೆನ್ನಾಗಿರುತ್ತದೆ, ಕುರ್ಚಿ ಹಾಕಿ ಕಾಫಿ ಕೊಡುತ್ತಾರೆ. ರಾತ್ರಿ ಹನ್ನೊಂದಕ್ಕೆ ಯಾವುದಾದರೂ ಔಟ್‌ಡೋರ್ ಯೂನಿಟ್ಟಿನ ಗೋಡೌನ್ ಮುಂದೆ ನಿಲ್ಲಲು ಹೇಳಿ. ಗಾಡಿ ಬಂದು ನಿಂತಾಗ ಮೊದಲು ಇಳಿಯುವವರ ಬಳಿ ಹೆಸರು ಕೇಳುವುದು ಬೇಡ. ಬೆಳಿಗ್ಗೆ ಎಷ್ಟಕ್ಕೆ ಹತ್ತಿದಿರಿ, ನಾಳೆ ಎಷ್ಟಕ್ಕೆ ಹತ್ತಬೇಕು, ಈ ಎರಡನ್ನು ಮಾತ್ರ ಕೇಳಿ ಬರೆದುಕೊಳ್ಳಲಿ.

ಇಂತಿ,
ತಮ್ಮ ವಿಶ್ವಾಸಿಗಳು,
ಕನ್ನಡ ಹಿರಿತೆರೆ ಮತ್ತು ಕಿರುತೆರೆಯ ತೆರೆಮರೆಯ ಕೆಲಸಗಾರರು